ಮಾತಿಲ್ಲದೆ ಕಥೆ ಹೇಳಿದ ಕುಂಚ

ಕಲಬುರಗಿ: ನಗರದಲ್ಲಿ ನಾಟಕವಿರಲಿ, ಸಂಗೀತ ಕಛೇರಿಯಿರಲಿ, ಆಹ್ವಾನ ಪತ್ರಿಕೆಯಲ್ಲಿ ಡಾ. ಎಸ್.ಎಂ. ಪಂಡಿತ ರಂಗಮಂದಿರ ಎಂಬ ಹೆಸರು ಕಾಣಿಸುವುದು ವಾಡಿಕೆ. ಆದರೆ ಈ ಪಂಡಿತರು ನಟರಲ್ಲ, ನಾಟಕಕಾರರೂ ಅಲ್ಲ. ಒಂದೇ ಚೌಕಟ್ಟಿನೊಳಗೆ ಇಡೀ ಕಥೆಯನ್ನು ಹಿಡಿದಿಟ್ಟ ಚಿತ್ರಕಾರರು.

ಸಾಂಬಾನಂದ ಮೋನಪ್ಪ ಪಂಡಿತರು ಜನಿಸಿದ್ದು 1916ರ ಮಾರ್ಚ್ 25ರಂದು, ಗುಲಬರ್ಗಾದಲ್ಲಿ. ಆಗ ಈ ಊರು ನಿಜಾಮರ ಆಳ್ವಿಕೆಗೆ ಸೇರಿತ್ತು. ಚಿತ್ರಕಲೆಯ ಗೀಳು ಹತ್ತಿದ ಹುಡುಗನಿಗೆ ಮುಂಬಯಿಯೇ ದಾರಿಯಾಯಿತು. ಅಲ್ಲಿ ಕನ್ನಡಿಗರೇ ಆದ ದಂಡಾವತಿಮಠರ ನೂತನ ಕಲಾಮಂದಿರದಲ್ಲಿಯೂ ಜೆ.ಜೆ. ಕಲಾಶಾಲೆಯಲ್ಲಿಯೂ ಅವರು ಅಭ್ಯಾಸ ಮಾಡಿದರು.

ಹೊಟ್ಟೆಪಾಡಿಗೆ ಒದಗಿದ್ದು ಸಿನಿಮಾ. ಚಿತ್ರಮಂದಿರದ ಎದುರು ನಿಂತವನನ್ನು ಒಳಕ್ಕೆ ಸೆಳೆಯುವ ಪ್ರದರ್ಶನ ಫಲಕ ಮತ್ತು ಭಿತ್ತಿಚಿತ್ರಗಳನ್ನು ಅವರು ಬರೆದರು. ಬಾಬುರಾವ್ ಪಟೇಲರು 1935ರಲ್ಲಿ ಆರಂಭಿಸಿದ ಫಿಲ್ಮ್‌ಇಂಡಿಯಾ ಪತ್ರಿಕೆಯ ಮುಖಪುಟಗಳಲ್ಲಿಯೂ ಅವರ ಕುಂಚ ಆಡಿತು. ಅಕ್ಷರ ಬಲ್ಲವರು ವಿರಳವಾಗಿದ್ದ ಕಾಲವದು. ನಾಯಕ ಯಾರು, ಖಳ ಯಾರು, ಕಥೆ ಪ್ರಣಯದ್ದೋ ದುರಂತದ್ದೋ ಎಂಬುದು ದಾರಿಹೋಕನಿಗೆ ಒಂದೇ ನೋಟದಲ್ಲಿ ತಿಳಿಯಬೇಕಿತ್ತು. ಮುಖದ ಒಂದು ಪಾರ್ಶ್ವಕ್ಕೆ ಬೆಳಕು, ಮತ್ತೊಂದಕ್ಕೆ ಗಾಢ ನೆರಳು, ಮೈಕಟ್ಟಿನ ಉಬ್ಬುತಗ್ಗು: ಇವೇ ಅವರ ವ್ಯಾಕರಣವಾದವು.

ಈ ವ್ಯಾಕರಣವನ್ನೇ ಪಂಡಿತರು ಪುರಾಣಕ್ಕೆ ತಂದರು. ನಳ ದಮಯಂತಿ, ವಿಶ್ವಾಮಿತ್ರ ಮೇನಕೆ, ರಾಧಾ ಕೃಷ್ಣರು ಅವರ ಕೈಯಲ್ಲಿ ರಕ್ತಮಾಂಸ ತುಂಬಿಕೊಂಡರು. ಕವಿಗೆ ನೂರು ಪದ್ಯಗಳ ಅವಕಾಶವಿದೆ. ಚಿತ್ರಕಾರನಿಗಿರುವುದು ಒಂದೇ ಕ್ಷಣ. ಹಿಂದೆ ನಡೆದದ್ದು, ಮುಂದೆ ನಡೆಯಲಿರುವುದು ಎರಡೂ ಹೊಳೆಯುವಂತಹ ಕ್ಷಣವನ್ನು ಆರಿಸುವುದೇ ಚಿತ್ರಕಥನದ ಗುಟ್ಟು. ಅದನ್ನು ಅರಿತವರು ಪಂಡಿತರು.

1894ರಲ್ಲಿ ರಾಜಾ ರವಿವರ್ಮ ತೆರೆದ ಶಿಲಾಮುದ್ರಣ ಕಾರ್ಖಾನೆ ದೇವರನ್ನು ಮನೆಮನೆಗೆ ತಲುಪಿಸಿತ್ತು. ಆ ಹಾದಿಯನ್ನು ಮುಂದುವರಿಸಿದ್ದು ಕ್ಯಾಲೆಂಡರ್. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೊರಟರೆ ಸಿಗುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಂತಹ ಊರುಗಳನ್ನೇ ನೆನೆಯಿರಿ. ಅಂತಹ ಕಡೆ ಚಿತ್ರಶಾಲೆ ಎಲ್ಲಿಂದ ಬರಬೇಕು? ಕಿರಾಣಿ ಅಂಗಡಿಯ ಗೋಡೆಯೇ ಚಿತ್ರಶಾಲೆ, ಮೊಳೆಗೆ ತೂಗುಬಿದ್ದ ಕ್ಯಾಲೆಂಡರೇ ಮಹಾಭಾರತ. ಓದು ಬಾರದ ಅಜ್ಜಿಯೂ ಅದನ್ನು ತೋರಿಸಿ ಮೊಮ್ಮಕ್ಕಳಿಗೆ ಕಥೆ ಹೇಳಬಹುದಿತ್ತು.

ವಿಪರ್ಯಾಸವೂ ಇಲ್ಲಿಯೇ ಇದೆ. ಕ್ಯಾಲೆಂಡರಿನ ಆಯುಷ್ಯ ಹನ್ನೆರಡೇ ತಿಂಗಳು. ಡಿಸೆಂಬರ್ ಮುಗಿದೊಡನೆ ಚಿತ್ರ ಪುಸ್ತಕದ ಹೊದಿಕೆಯಾಯಿತು, ಇಲ್ಲವೇ ಒಲೆ ಸೇರಿತು. ಸಿನಿಮಾ ಫಲಕಗಳ ಗತಿಯೂ ಅಷ್ಟೇ. ಹೊಸ ಚಿತ್ರ ಬಂದಾಗ ಹಳೆಯದು ಕೆಳಗಿಳಿಯುತ್ತಿತ್ತು. ಇತ್ತ ಆಧುನಿಕ ಕಲೆಯ ವಿಮರ್ಶಕರಿಗೆ ಕ್ಯಾಲೆಂಡರ್ ಕಲೆ ಎಂಬುದೊಂದು ಹೀಗಳಿಕೆಯ ಮಾತಾಗಿತ್ತು. ಲಕ್ಷಾಂತರ ಜನ ಕಂಡ ಕಲಾವಿದನಿಗೆ ಕಲಾಚರಿತ್ರೆಯಲ್ಲಿ ಸ್ಥಾನ ಸಿಗಲು ಬಹುಕಾಲ ಬೇಕಾಯಿತು. ಜನಪ್ರಿಯ ಮುದ್ರಿತ ಚಿತ್ರಗಳನ್ನು ವಿದ್ವಾಂಸರು ಗಂಭೀರ ಅಧ್ಯಯನಕ್ಕೆ ಎತ್ತಿಕೊಂಡ ಮೇಲೆಯೇ ಪಂಡಿತರ ಹೆಸರು ಮತ್ತೆ ಚರ್ಚೆಗೆ ಬಂದಿತು.

ಮುಂಬಯಿಯಲ್ಲಿ ಸ್ವಂತ ಸ್ಟುಡಿಯೋ, ಕೀರ್ತಿ ಎರಡನ್ನೂ ಕಂಡ ಪಂಡಿತರು ಹುಟ್ಟೂರಿಗೆ ಮರಳಿ ಇಲ್ಲಿಯೂ ಕುಂಚ ಹಿಡಿದರು. 1993ರ ಮಾರ್ಚ್ 30ರಂದು, 77ನೇ ವಯಸ್ಸಿನಲ್ಲಿ ಕಣ್ಮುಚ್ಚಿದರು.

ಊರು ಅವರ ಹೆಸರನ್ನು ರಂಗಮಂದಿರದ ಮೇಲೆ ಉಳಿಸಿಕೊಂಡಿದೆ. ಆದರೆ ಕಲಾವಿದ ಬದುಕುವುದು ನಾಮಫಲಕದಲ್ಲಲ್ಲ, ಚಿತ್ರದಲ್ಲಿ. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ, ದೇವರ ಕೋಣೆಯ ಹಳೆಯ ಚೌಕಟ್ಟಿನಲ್ಲಿ ಅವರ ಸಹಿಯಿರುವ ಹಾಳೆಯೊಂದು ಇನ್ನೂ ಉಳಿದಿದ್ದರೆ ಅದನ್ನು ರದ್ದಿಗೆ ಹಾಕದಿರುವುದೇ ಪಂಡಿತರಿಗೆ ಸಲ್ಲಿಸಬಹುದಾದ ನಿಜವಾದ ಗೌರವ.