ಕುದುರೆ ಗೆದ್ದಿದ್ದನ್ನು ನೋಡದೇ ಹೋದವನು

ದೀಪಾವಳಿ ಬಂದ್ರೆ ನಮ್ಮ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಕೊಬ್ಬರಿ ಹೋರಿ ಓಡೋದನ್ನ ನೋಡೋಕೆ ಊರಿಗೆ ಊರೇ ಸೇರುತ್ತೆ. ಕುದುರೆ ರೇಸ್ ಮಾತ್ರ ನಾನು ನೋಡಿದ್ದು ಸಿನಿಮಾದಲ್ಲೇ. ಅದು 1937ರ ಹಾಲಿವುಡ್ ಕಾಮಿಡಿ, ಮಾರ್ಕ್ಸ್ ಸಹೋದರರ 'ಎ ಡೇ ಅಟ್ ದ ರೇಸಸ್'. ಸಾಲದಲ್ಲಿ ಮುಳುಗಿರೋ ಒಂದು ಆಸ್ಪತ್ರೆ, ಅಲ್ಲಿಗೆ ದೊಡ್ಡ ಡಾಕ್ಟರ್ ಅಂತ ಬರೋ ಒಬ್ಬ ಕುದುರೆ ಡಾಕ್ಟರ್, ಕೊನೆಗೆ ರೇಸ್ ಗೆದ್ದು ಎಲ್ಲರನ್ನೂ ಉಳಿಸೋ ಒಂದು ಕುದುರೆ. ನಕ್ಕೂ ನಕ್ಕೂ ಸಾಕಾಯ್ತು.

ಆ ನಗುವಿನ ಹಿಂದೆ ಇದ್ದವನು ನಿರ್ಮಾಪಕ ಇರ್ವಿಂಗ್ ಥಾಲ್ಬರ್ಗ್.

ಹುಟ್ಟಿದ್ದು 1899ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಹುಟ್ಟಿನಿಂದಲೇ ಹೃದಯದ ತೊಂದರೆ. ಮೂವತ್ತು ದಾಟೋದು ಕಷ್ಟ ಅಂತ ಡಾಕ್ಟರುಗಳು ಹೇಳಿಬಿಟ್ಟಿದ್ದರು. ಹಾಸಿಗೆ ಮೇಲೆ ಪುಸ್ತಕ ಓದುತ್ತಾ ಬೆಳೆದ ಹುಡುಗ. ಡಿಗ್ರಿ ಇಲ್ಲ. ಟೈಪಿಂಗ್ ಕಲಿತು ಯೂನಿವರ್ಸಲ್ ಕಂಪನಿಯಲ್ಲಿ ಸೆಕ್ರೆಟರಿ ಆದ. ನಾವು ಇಂಟರ್ನ್‌ಶಿಪ್ ಹುಡುಕೋ ವಯಸ್ಸಿನಲ್ಲಿ, ಅಂದ್ರೆ ಇಪ್ಪತ್ತಕ್ಕೆ, ಕ್ಯಾಲಿಫೋರ್ನಿಯಾದ ಇಡೀ ಸ್ಟುಡಿಯೋ ನಡೆಸುತ್ತಿದ್ದ. 1924ರಲ್ಲಿ ಎಂಜಿಎಂ ಶುರುವಾದಾಗ ಅಲ್ಲಿನ ಸಿನಿಮಾ ತಯಾರಿಕೆಗೆ ಅವನೇ ಮುಖ್ಯಸ್ಥ. ಆದರೂ ತೆರೆ ಮೇಲೆ ತನ್ನ ಹೆಸರು ಹಾಕಿಸಿಕೊಳ್ಳುತ್ತಿರಲಿಲ್ಲ.

1932ರ ಕೊನೆಗೆ ಹಾರ್ಟ್ ಅಟ್ಯಾಕ್ ಆಯ್ತು. ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ಬಂದ. ಆ ಹೊತ್ತಿಗೆ ಮಾರ್ಕ್ಸ್ ಸಹೋದರರ 'ಡಕ್ ಸೂಪ್' ಅಂದುಕೊಂಡಷ್ಟು ಓಡಿರಲಿಲ್ಲ. ಥಾಲ್ಬರ್ಗ್ ಅವರನ್ನು ಕರೆಸಿದ. ಮಾಡಿದ್ದು ಒಂದು ಹೊಸ ಪ್ಲಾನ್: ಶೂಟಿಂಗ್‌ಗೆ ಮೊದಲು ಊರೂರು ತಿರುಗಿ ದೃಶ್ಯಗಳನ್ನು ಸ್ಟೇಜ್ ಮೇಲೆ ಆಡಬೇಕು. ಜನ ಎಲ್ಲಿ ನಗ್ತಾರೆ, ಎಷ್ಟು ಹೊತ್ತು ನಗ್ತಾರೆ ಅಂತ ನೋಡಬೇಕು. ನಗು ಬರದ ಜೋಕು ತೆಗೀಬೇಕು, ಇಲ್ಲಾ ತಿದ್ದಬೇಕು. ನಮ್ಮ ಜಾತ್ರೆಗಳಲ್ಲಿ ಕಂಪನಿ ನಾಟಕದ ಹಾಸ್ಯನಟರು ಮಾಡೋದೂ ಇದೇ ಅಲ್ವಾ? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಟೆಸ್ಟಿಂಗ್.

ಹೀಗೆ ಬಂದ 'ಎ ನೈಟ್ ಅಟ್ ದಿ ಒಪೆರಾ' 1935ರಲ್ಲಿ ಗೆದ್ದಿತು. 1936ರಲ್ಲಿ ರೇಸ್ ಸಿನಿಮಾದ ದೃಶ್ಯಗಳೂ ಮೊದಲು ಸ್ಟೇಜ್ ಹತ್ತಿದವು. ಸೆಪ್ಟೆಂಬರ್‌ನಲ್ಲಿ ಶೂಟಿಂಗ್ ಶುರುವಾಯ್ತು. ಅದೇ ತಿಂಗಳ 14ಕ್ಕೆ ಥಾಲ್ಬರ್ಗ್ ನ್ಯುಮೋನಿಯಾದಿಂದ ತೀರಿಕೊಂಡ. ವಯಸ್ಸು 37. ಆಸ್ಪತ್ರೆ ಉಳಿಸಿದ ಆ ಕುದುರೆ ಗೆಲ್ಲೋದನ್ನ ಅವನು ತೆರೆ ಮೇಲೆ ನೋಡಲೇ ಇಲ್ಲ.

ತೆರೆ ಮೇಲೆ ಹೆಸರು ಬೇಡ ಅಂದವನ ಹೆಸರಲ್ಲಿ ಈಗ ಆಸ್ಕರ್‌ನವರು ಒಂದು ಪ್ರಶಸ್ತಿಯನ್ನೇ ಕೊಡ್ತಾರೆ.

ಟೈಮ್ ಕಮ್ಮಿ ಇದೆ ಅಂತ ಚಿಕ್ಕಂದಿನಿಂದಲೇ ಗೊತ್ತಿದ್ದವನು ಒಂದು ಜೋಕನ್ನೂ ಟೆಸ್ಟ್ ಮಾಡದೆ ಬಿಡಲಿಲ್ಲ. ನಾವೋ, ಸಬ್‌ಮಿಷನ್ ಹಿಂದಿನ ರಾತ್ರಿ ಕೋಡ್ ಒಂದ್ಸಲ ರನ್ ಮಾಡಿ ನೋಡೋಕೂ ಟೈಮ್ ಇಲ್ಲ ಅಂತೀವಿ!