ರಹೀಮ್ ಮೇಷ್ಟ್ರು

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಆಟವೆಂದರೆ ಕಬಡ್ಡಿ, ಖೋಖೋ, ವಾಲಿಬಾಲ್. ಎಲ್ಲಕ್ಕೂ ಮೇಲೆ ಕ್ರಿಕೆಟ್. ಕಾಲ್ಚೆಂಡಾಟವನ್ನು ಆಡುವವರು ಬೆರಳೆಣಿಕೆಯಷ್ಟು ಮಂದಿ. ಹೀಗಿರುವಾಗ ಹೈದರಾಬಾದಿನ ಕಾಲ್ಚೆಂಡಾಟದ ಶಿಕ್ಷಕರೊಬ್ಬರ ಜೀವನವನ್ನು ವಾಚಕರ ಮುಂದಿಡಲು ಹೊರಟುದಕ್ಕೆ ಒಂದು ಕಾರಣವುಂಟು. ಒಂದು ತಂಡದಲ್ಲಿ ಒಳ್ಳೆಯ ಆಟಗಾರರಿಲ್ಲದಿದ್ದರೆ ಸೋಲುವುದು ಸಹಜ. ಆದರೆ ಒಳ್ಳೆಯವರು ಹೆಚ್ಚಾದಾಗ ಏನು ಮಾಡಬೇಕು? ಗೋಲು ಹೊಡೆಯಬಲ್ಲವರು ನಾಲ್ಕೈದು ಮಂದಿ, ಚೆಂಡು ಮಾತ್ರ ಒಂದೇ. ಈ ತೊಡಕನ್ನು ನಮ್ಮ ದೇಶದಲ್ಲಿ ಸೈಯದ್ ಅಬ್ದುಲ್ ರಹೀಮರಷ್ಟು ಚೆನ್ನಾಗಿ ಬಿಡಿಸಿದವರು ಇನ್ನೊಬ್ಬರಿಲ್ಲ. ಅವರು ತೀರಿಕೊಂಡು ಅರುವತ್ತು ವರ್ಷಗಳು ಕಳೆದ ಮೇಲೆ, 2024ರಲ್ಲಿ, ಅವರ ಜೀವನವನ್ನಾಧರಿಸಿದ ಹಿಂದಿ ಚಲನಚಿತ್ರವೊಂದು ಬಂದಿತು. ಅವರ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದುದೇ ಆಗ.

ರಹೀಮರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಆಗ ಅದು ನಿಜಾಮರ ಸಂಸ್ಥಾನ. ನಮ್ಮ ಬೀದರ್, ಕಲಬುರ್ಗಿ, ರಾಯಚೂರು ಜಿಲ್ಲೆಗಳೂ ಅದಕ್ಕೆ ಸೇರಿದ್ದುವು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿ ಪದವೀಧರರಾದರು. ಅಲ್ಲಿಯ ತಂಡದಲ್ಲಿ ಆಡಿದರು. ಆಮೇಲೆ ಕಾಚಿಗೂಡದ ಮಾಧ್ಯಮಿಕ ಶಾಲೆಯಲ್ಲಿ ಉಪಾಧ್ಯಾಯರಾದರು. ಅಲ್ಲಿಂದ ಬೇರೆ ಬೇರೆ ಶಾಲೆಗಳಲ್ಲಿ ಕೆಲಸ ಮಾಡುತ್ತ ವ್ಯಾಯಾಮ ಶಿಕ್ಷಣದ ಡಿಪ್ಲೊಮಾ ಪಡೆದು, ಮಕ್ಕಳ ಆಟಪಾಠಗಳ ಹೊಣೆ ಹೊತ್ತರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಬಿ.ಎ. ಮುಗಿದ ಮೇಲೆ ಏನು ಎಂದು ಕೇಳುವ ಬಂಧುಗಳಿಗೆ ಮೇಷ್ಟ್ರಾಗುತ್ತೇನೆಂದರೆ ಅವರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ರಹೀಮರ ಕಥೆಯಲ್ಲಿ ನನಗೆ ಮೊದಲು ಹಿಡಿಸಿದುದು ಅವರು ಮೇಷ್ಟ್ರಾಗಿದ್ದರೆಂಬುದು. ರಾಷ್ಟ್ರದ ತಂಡವನ್ನು ಕಟ್ಟಿದಾಗಲೂ ಅವರು ಮಾಡಿದುದು ತರಗತಿಯಲ್ಲಿ ಮಾಡುತ್ತಿದ್ದ ಕೆಲಸವನ್ನೇ: ಯಾವ ಹುಡುಗನನ್ನು ಎಲ್ಲಿ ಕೂರಿಸಬೇಕೆಂಬುದನ್ನು ಅರಿಯುವುದು.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಗಳಾದರು. ಆಗ ನಮ್ಮವರ ಆಟವೆಂದರೆ ಚೆಂಡು ಸಿಕ್ಕಿದವನು ಅದನ್ನು ಕಾಲಿಗಂಟಿಸಿಕೊಂಡು, ಎದುರಾದವರನ್ನೆಲ್ಲ ಒಬ್ಬೊಬ್ಬರಾಗಿ ವಂಚಿಸುತ್ತ ಮುನ್ನುಗ್ಗುವುದು. ನೋಡುವವರಿಗೆ ಅದೊಂದು ಹಬ್ಬ. ಆದರೆ ಉಳಿದ ಹತ್ತು ಮಂದಿಗೆ ನಿಂತು ನೋಡುವುದೊಂದೇ ಕೆಲಸ. ರಹೀಮರು ಇದಕ್ಕೆ ಹುಡುಕಿದ ಮದ್ದು ವಿಚಿತ್ರವಾದುದು. ಚೆಂಡನ್ನು ಕಾಲಲ್ಲಿಟ್ಟುಕೊಂಡು ಓಡುವುದನ್ನೇ ನಿಷೇಧಿಸಿದ ಪಂದ್ಯಾವಳಿಗಳನ್ನು ಅವರು ಏರ್ಪಡಿಸಿದರು. ಚೆಂಡು ಬಂತೇ, ತಡೆದು ಗೆಳೆಯನಿಗೆ ಕೊಡಬೇಕು. ಬಲಗಾಲಿನವನು ಎಡಗಾಲಿನಲ್ಲಿ ಮಾತ್ರ ಹೊಡೆಯಬೇಕಾದ ಪಂದ್ಯಗಳನ್ನೂ ಆಡಿಸಿದರು. ಕೈಚಳಕವಿದ್ದ ಹುಡುಗರಿಗೆ ಇದು ಶಿಕ್ಷೆಯಾಗಿಯೇ ತೋರಿರಬೇಕು. ಆದರೆ ತನ್ನ ಬಳಿ ಚೆಂಡಿಲ್ಲದಾಗ ಎಲ್ಲಿ ನಿಲ್ಲಬೇಕೆಂಬುದನ್ನು ಆ ಹುಡುಗರು ಕಲಿತುದು ಅಲ್ಲಿಯೇ. 1950ರಿಂದ ರಹೀಮರು ಹೈದರಾಬಾದ್ ನಗರ ಪೊಲೀಸ್ ತಂಡಕ್ಕೆ ಶಿಕ್ಷಕರಾದರು. ಆ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದಿತು.

ಅದೇ ಕಾಲದಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಐವರು ಮುನ್ನಡೆಯ ಆಟಗಾರರು ಒಟ್ಟುಗೂಡಿದ್ದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ. ಬಂಗಾಳದ ಜನ ಇವರನ್ನು ಪಂಚಪಾಂಡವರೆಂದು ಕರೆದರು. ಐವರೂ ದಕ್ಷಿಣದವರೆಂಬುದು ನಮಗೆ ಅಭಿಮಾನದ ಮಾತು. ಅವರಲ್ಲಿ ಅಹಮದ್ ಖಾನ್ ನಮ್ಮ ಬೆಂಗಳೂರಿನವರು. ಬರಿಗಾಲಿನಲ್ಲಿ ಆಡುತ್ತ ಚೆಂಡನ್ನು ಹಾವಾಡಿಗನಂತೆ ಆಡಿಸುತ್ತಿದ್ದ ಅವರ ಕಾಲಿನ ಕೌಶಲವನ್ನು ಹಳಬರು ಬಹುಕಾಲ ನೆನೆಯುತ್ತಿದ್ದರು. ಈ ಐವರಿದ್ದ ಈಸ್ಟ್ ಬೆಂಗಾಲ್ 1949ರಿಂದ ಮೂರು ವರ್ಷ ಬಿಡದೆ ಐ.ಎಫ್.ಎ. ಶೀಲ್ಡನ್ನು ಗೆದ್ದಿತು. ಪ್ರತಿಭೆಗಳು ಒಂದೆಡೆ ಸೇರಿದರೆ ಜಗಳವೇ ಆಗಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ. ಆದರೆ ಅವರು ವರ್ಷವಿಡೀ ಒಟ್ಟಿಗೆ ಆಡಿ ಒಬ್ಬರನ್ನೊಬ್ಬರು ಅರಿತವರು. ರಾಷ್ಟ್ರದ ತಂಡದ ಶಿಕ್ಷಕನಿಗೆ ಆ ಅನುಕೂಲವಿಲ್ಲ. ಹತ್ತು ಊರಿನಿಂದ ಬಂದವರನ್ನು ಕೆಲವೇ ವಾರಗಳಲ್ಲಿ ಒಂದು ಮನೆಯವರನ್ನಾಗಿ ಮಾಡಬೇಕು.

1951ರಲ್ಲಿ ದೆಹಲಿಯಲ್ಲಿ ಮೊದಲನೆಯ ಏಷ್ಯನ್ ಕ್ರೀಡಾಕೂಟ ನಡೆದಾಗ ಆ ಹೊಣೆ ರಹೀಮರ ಪಾಲಿಗೆ ಬಂದಿತು. ಪಂಚಪಾಂಡವರಲ್ಲಿ ವೆಂಕಟೇಶ್, ಅಹಮದ್ ಖಾನ್, ಸಾಲೆ ಇವರು ಆ ತಂಡದಲ್ಲಿದ್ದರು; ಜೊತೆಗೆ ಮೇವಾಲಾಲ್. ಅಂತಿಮ ಪಂದ್ಯದಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನ್ ಸೋತು, ಭಾರತ ಸ್ವರ್ಣಪದಕ ಪಡೆಯಿತು. ಮರುವರ್ಷವೇ ಹೆಲ್ಸಿಂಕಿಯ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಬಗ್ಗುಬಡಿಯಿತು. ಆ ಚಳಿಯಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ನಮ್ಮ ಒಂದು ಗೋಲನ್ನು ಹೊಡೆದವರು ಅಹಮದ್ ಖಾನ್. ಆ ಸೋಲಿನ ಮೇಲೆ ಬೂಟು ಕಡ್ಡಾಯವಾಯಿತು. ಆದರೆ ಬೂಟೊಂದರಿಂದಲೇ ಎಲ್ಲವೂ ಸರಿಹೋಗುತ್ತಿತ್ತೆಂದು ನನಗೆ ತೋರುವುದಿಲ್ಲ. ಯೂರೋಪಿನ ಆಟ ಆಗ ವೇಗವಾಗಿ ಬದಲಾಗುತ್ತಿತ್ತು. 1953ರಲ್ಲಿ ಹಂಗೇರಿಯವರು ಇಂಗ್ಲೆಂಡನ್ನು ಅದರ ಮನೆಯಂಗಳದಲ್ಲೇ 6-3ರಿಂದ ಸೋಲಿಸಿದುದು ಹೇಗೆ? ಮಧ್ಯದ ಮುನ್ನಡೆಯ ಆಟಗಾರನನ್ನು ಗೋಲಿನ ಮುಂದೆ ನಿಲ್ಲಿಸದೆ ಹಿಂದಕ್ಕೆಳೆದು, ಅವನನ್ನು ಕಾಯಬೇಕಾದವನಿಗೆ ದಿಕ್ಕು ತಪ್ಪಿಸಿದರು. ಅವನು ಬಿಟ್ಟ ಜಾಗಕ್ಕೆ ಇತರರು ನುಗ್ಗಿದರು. ಜಗತ್ತಿನಾದ್ಯಂತ ಶಿಕ್ಷಕರು ಈ ಪಾಠವನ್ನು ಓದಿಕೊಂಡರು. ಮುಂದೆ ಬ್ರೆಜಿಲ್ ದೇಶದವರು ಪ್ರಸಿದ್ಧಿಗೆ ತಂದ ನಾಲ್ಕು-ಎರಡು-ನಾಲ್ಕರ ವ್ಯೂಹವನ್ನು ನಮ್ಮಲ್ಲಿ ಬಳಕೆಗೆ ತಂದ ಮೊದಲಿಗರಲ್ಲಿ ರಹೀಮರೂ ಒಬ್ಬರು.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅವರ ತಂಡ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿತು. ನೆವಿಲ್ ಡಿಸೋಜಾ ಅಂದು ಮೂರು ಗೋಲು ಹೊಡೆದರು. ಪತ್ರಿಕೆಗಳೆಲ್ಲ ಅವರನ್ನು ಕೊಂಡಾಡಿದುವು, ಅದು ನ್ಯಾಯವೇ. ಆದರೆ ಮುಂದಿನವರಿಗೆ ಚೆಂಡನ್ನು ಉಣಿಸುವವರು ಹಿಂದಿನ ಸಾಲಿನವರು. ಆ ತಂಡದ ನಡುಸಾಲಿನಲ್ಲಿ ನಮ್ಮ ಮೈಸೂರು ರಾಜ್ಯದ ಕೆಂಪಯ್ಯ ಮತ್ತು ಹೈದರಾಬಾದಿನ ನೂರ್ ಮಹಮ್ಮದ್ ಇದ್ದರು. ಗೋಲು ಹೊಡೆಯುವವರ ಸಾಲು ಎಷ್ಟು ಉದ್ದವಾದರೆ ಈ ಇಬ್ಬರ ಬೆವರು ಅಷ್ಟು ಹೆಚ್ಚು. ಕೆಂಪಯ್ಯನವರ ಹೆಸರು ಅವರ ನಾಡಿನಲ್ಲೇ ಅಷ್ಟಾಗಿ ಕೇಳಿಬರದಿರುವುದು ಖೇದದ ಸಂಗತಿ.

ಮೆಲ್ಬರ್ನಿಗೆ ಹೋದವರಲ್ಲಿ ತುಳಸೀದಾಸ್ ಬಲರಾಮ್ ಎಂಬ ಇಪ್ಪತ್ತರ ತರುಣನೂ ಇದ್ದ. ಸಿಕಂದರಾಬಾದಿನ ಬಳಿಯ ಅಮ್ಮುಗೂಡ ಎಂಬ ಹಳ್ಳಿಯ ಬಡ ಹುಡುಗ. ಅಭ್ಯಾಸಕ್ಕಾಗಿ ದಿನವೂ ಹೈದರಾಬಾದಿಗೆ ಬರಲು ಅವನಲ್ಲಿ ಕಾಸಿರಲಿಲ್ಲ. ರಹೀಮರು ಅವನಿಗೆ ಸೈಕಲ್ಲಿನ ವ್ಯವಸ್ಥೆ ಮಾಡಿದರು. ಚಿತ್ರ ನೋಡಿ ಬಂದವರಿಗೆ ವ್ಯೂಹ, ತಂತ್ರಗಳು ನೆನಪಿರಬಹುದು. ಮೊಳಕಾಲ್ಮೂರಿನ ಕಡೆಯ ಹಳ್ಳಿಗಳಿಂದ ಬಸ್ಸಿಗೆ ಕಾದು ಕಾಲೇಜಿಗೆ ಬರುವ ನಮ್ಮಂಥವರಿಗೆ ಈ ಸೈಕಲ್ಲು ನೆನಪಿರುತ್ತದೆ.

1960ರ ಹೊತ್ತಿಗೆ ರಹೀಮರ ಕೈಯಲ್ಲಿ ಮೂವರು ರತ್ನಗಳಿದ್ದರು: ಬಲ ಅಂಚಿನಲ್ಲಿ ಬಾಣದಂತೆ ಓಡಿ ಸಿಡಿಲಿನಂತೆ ಹೊಡೆಯುವ ಪಿ.ಕೆ. ಬ್ಯಾನರ್ಜಿ, ಮೈಮಣಿತದಿಂದಲೇ ಎದುರಾಳಿಯನ್ನು ಮರುಳುಗೊಳಿಸುವ ಚುನಿ ಗೋಸ್ವಾಮಿ, ಮುಂದಿನ ಸಾಲಿನಲ್ಲಿ ಎಲ್ಲಿ ನಿಲ್ಲಿಸಿದರೂ ಆಡಬಲ್ಲ ಬಲರಾಮ್. ಮೂವರೂ ಒಬ್ಬರೇ ಪಂದ್ಯ ಗೆದ್ದುಕೊಡಬಲ್ಲವರು. ಅಂಥ ಮೂವರು ಒಟ್ಟಿಗಿದ್ದರೆ ಬರುವ ಕಷ್ಟ ಏನೆಂಬುದನ್ನು ಕಬಡ್ಡಿ ಆಡುವವರು ಬಲ್ಲರು. ನಮ್ಮ ತಾಲ್ಲೂಕಿನ ಒಂದು ತಂಡದಲ್ಲಿ ದಾಳಿ ಮಾಡುವ ಗಟ್ಟಿಗರು ನಾಲ್ವರಿದ್ದರು. ಹಿಡಿಯಲು ಯಾರಿಗೂ ಮನಸ್ಸಿಲ್ಲ. ನಾಲ್ವರೂ ಹೆಸರು ಮಾಡಿದರು, ತಂಡ ಮಾತ್ರ ಎರಡನೆಯ ಸುತ್ತನ್ನು ದಾಟಲಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗವನ್ನು ನೋಡಿದವರಿಗೆ ಇದರ ಪರಿಹಾರವೂ ಹೊಳೆದೀತು. ಸೀರೆಯ ಮೈಗೆ ಒಂದು ಲಾಳಿ, ಎರಡು ಅಂಚಿಗೆ ಒಂದೊಂದು ಲಾಳಿ. ಅಂಚಿನ ಲಾಳಿ ಮೈಯೊಳಕ್ಕೆ ನುಗ್ಗಿದರೆ ಸೀರೆ ಕೆಟ್ಟಿತು. ಮೈಯ ಎಳೆಗೆ ಕೊಂಡಿ ಹಾಕದೆ ಹಿಂದಿರುಗಿದರೆ ಅಂಚು ಬೇರೆ, ಮೈ ಬೇರೆ. ರೋಮ್ ಒಲಿಂಪಿಕ್ಸ್‌ನಲ್ಲಿ ಈ ನೇಯ್ಗೆ ಪೂರ್ತಿಯಾಗಿ ಕೂಡಿಬರಲಿಲ್ಲ. ಹಂಗೇರಿಗೆ 2-1ರಿಂದ ಸೋತೆವು, ಫ್ರಾನ್ಸಿನೊಡನೆ 1-1 ಸಮ ಮಾಡಿಕೊಂಡೆವು, ಪೆರುವಿಗೆ 3-1ರಿಂದ ಸೋತೆವು. ನಮ್ಮ ಮೂರು ಗೋಲುಗಳಲ್ಲಿ ಎರಡು ಬಲರಾಮನದು, ಒಂದು ಬ್ಯಾನರ್ಜಿಯದು.

ಆ ಕೂಟಕ್ಕೆ ಹೋದ ತಂಡದಲ್ಲಿ ರಹೀಮರ ಮಗ ಸೈಯದ್ ಶಾಹಿದ್ ಹಕೀಮರೂ ಇದ್ದರು. ಮೂರು ಪಂದ್ಯಗಳಲ್ಲಿ ಒಂದರಲ್ಲಾದರೂ ಅವರು ಆಡಲಿಲ್ಲ. ಮಗನನ್ನು ಹೊರಗೆ ಕೂರಿಸಿದವನು ಬೇರೆಯವರ ಮಕ್ಕಳಿಗೆ ಹಿಂದೆ ಸರಿ ಎಂದು ಹೇಳಿದರೆ ಅವರು ಕೇಳುತ್ತಾರೆ.

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಕ್ಕೆ ಹೊರಟಾಗ ರಹೀಮರ ಶ್ವಾಸಕೋಶವನ್ನು ಕ್ಯಾನ್ಸರ್ ತಿನ್ನುತ್ತಿತ್ತು. ಚುನಿ ಗೋಸ್ವಾಮಿ ನಾಯಕ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ 2-0ಯಿಂದ ನಮ್ಮನ್ನು ಸೋಲಿಸಿತು. ಎರಡನೆಯದರಲ್ಲಿ ಥೈಲೆಂಡನ್ನು 4-1ರಿಂದ ಗೆದ್ದೆವು, ಆದರೆ ರಕ್ಷಣೆಯ ಕಂಬವಾಗಿದ್ದ ಪಂಜಾಬಿನ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಮಾಡಿಕೊಂಡು ಹೊಲಿಗೆ ಹಾಕಿಸಿಕೊಳ್ಳಬೇಕಾಯಿತು. ಜಪಾನಿನ ಮೇಲೆ ಅವರಿಲ್ಲದೆ ಆಡಿ 2-0ಯಿಂದ ಗೆದ್ದೆವು. ಇನ್ನು ಸೆಮಿಫೈನಲ್. ಗಾಯಾಳುವನ್ನು ಮತ್ತೆ ರಕ್ಷಣೆಯಲ್ಲಿ ನಿಲ್ಲಿಸುವುದು ಅಪಾಯ, ಹೊರಗಿಡುವುದು ನಷ್ಟ. ರಹೀಮರು ಅವರನ್ನು ತಂದು ಮುಂದಿನ ಸಾಲಿನ ಮಧ್ಯದಲ್ಲಿ ನಿಲ್ಲಿಸಿದರು!

ಮುಂದೆ ಆಡುವವರಿಗೇನು ಬರವಿತ್ತೇ? ಇರುವವರಿಗೇ ಜಾಗವಿಲ್ಲದಾಗ ಹಿಂದಿನವನೊಬ್ಬನನ್ನು ಅಲ್ಲಿಗೆ ತರುವುದು ಹುಚ್ಚಾಟವೆಂದು ಯಾರಿಗಾದರೂ ತೋರೀತು. ನಾನು ಇದನ್ನು ಬಹಳ ಯೋಚಿಸಿದ್ದೇನೆ. ಬ್ಯಾನರ್ಜಿ, ಚುನಿ, ಬಲರಾಮ್ ಮೂವರೂ ನಯಗಾರರು; ಅವರಿಗೆ ಬೇಕಾದುದು ತಿರುಗಾಡಲು ಸ್ಥಳ. ನಾಲ್ಕನೆಯ ನಯಗಾರನನ್ನು ತಂದಿದ್ದರೆ ಅವನೂ ಅದೇ ಸ್ಥಳವನ್ನು ಕೇಳುತ್ತಿದ್ದ. ಜರ್ನೈಲ್ ಸಿಂಗ್ ಆಳೆತ್ತರದ ಕಟ್ಟುಮಸ್ತಾದ ದೇಹದವರು. ತಲೆಗೆ ಪಟ್ಟಿ ಕಟ್ಟಿಕೊಂಡು ಗೋಲಿನ ಮುಂದೆ ನಿಂತರೆಂದರೆ ಎದುರಾಳಿಗಳಿಬ್ಬರು ಅವರನ್ನೇ ಕಾಯಬೇಕು. ಆಗ ಅಕ್ಕಪಕ್ಕದ ಬೀದಿಗಳು ತೆರೆದವು. ಎಲ್ಲರಿಗಿಂತ ಕಡಿಮೆ ನಯವಿದ್ದವನು ಬಂದುದರಿಂದಲೇ ನಯವಿದ್ದವರ ಆಟ ಅರಳಿತು. ದಕ್ಷಿಣ ವಿಯಟ್ನಾಮಿನ ಮೇಲೆ 3-2ರಿಂದ ಗೆದ್ದಾಗ ಎರಡು ಗೋಲು ಚುನಿಯದು, ಒಂದು ಜರ್ನೈಲರದು.

ಸೆಪ್ಟೆಂಬರ್ 4ರ ಅಂತಿಮ ಪಂದ್ಯ ಮತ್ತೆ ದಕ್ಷಿಣ ಕೊರಿಯದೊಡನೆ. ಇಸ್ರೇಲ್ ಮತ್ತು ತೈವಾನ್ ದೇಶಗಳಿಗೆ ಇಂಡೊನೇಷ್ಯ ಪ್ರವೇಶ ಕೊಡದಿದ್ದುದನ್ನು ಭಾರತದ ಜಿ.ಡಿ. ಸೋಂಧಿಯವರು ಆಕ್ಷೇಪಿಸಿದ್ದರಿಂದ ಆ ಊರಿನ ಜನ ನಮ್ಮ ಮೇಲೆ ಕೆರಳಿದ್ದರು. ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಜನ; ನಮ್ಮವರ ಕಾಲಿಗೆ ಚೆಂಡು ಬಂದಾಗಲೆಲ್ಲ ಕೂಗಾಟ. ಹಿಂದಿನ ರಾತ್ರಿ ರಹೀಮರು ಹುಡುಗರನ್ನು ಕೂಡಿಸಿ, ತಮಗೊಂದು ಉಡುಗೊರೆ ಬೇಕೆಂದೂ ಅದು ನಾಳೆಯ ಚಿನ್ನವೆಂದೂ ಕೇಳಿದರಂತೆ. ಆಗತಾನೆ ಜ್ವರದಿಂದೆದ್ದ ಎತ್ತರದ ಆಳು ಪೀಟರ್ ತಂಗರಾಜರನ್ನು ಗೋಲಿಗೆ ನಿಲ್ಲಿಸಿದರು. ಜರ್ನೈಲರು ಬಿಟ್ಟ ಜಾಗವನ್ನು ಅರುಣ್ ಘೋಷ್ ತುಂಬಿದರು. ಮುಂದಿನ ಸಾಲಿನಲ್ಲಿ ಬಲಕ್ಕೆ ಬ್ಯಾನರ್ಜಿ, ಎಡ ಅಂಚಿಗೆ ಬಲರಾಮ್, ಒಳಗೆ ಚುನಿ ಮತ್ತು ಹೈದರಾಬಾದಿನ ಯೂಸುಫ್ ಖಾನ್, ನಡುವೆ ಜರ್ನೈಲ್. ಹದಿನೇಳನೆಯ ನಿಮಿಷದಲ್ಲಿ ಬ್ಯಾನರ್ಜಿ ಗೋಲು ಹೊಡೆದರು. ಇಪ್ಪತ್ತನೆಯ ನಿಮಿಷದಲ್ಲಿ ಜರ್ನೈಲ್. ಕೊರಿಯದವರು ಒಂದನ್ನು ತೀರಿಸಿದುದು ಇನ್ನೈದು ನಿಮಿಷವಿದೆಯೆನ್ನುವಾಗ. 2-1. ಹಿಂದಿನ ಎರಡು ಪಂದ್ಯಗಳಲ್ಲೂ ಗೋಲು ಹೊಡೆದಿದ್ದ ಬಲರಾಮ್ ಕೊನೆಯ ಎರಡರಲ್ಲಿ ಒಂದನ್ನೂ ಹೊಡೆಯಲಿಲ್ಲ. ಅಂಚಿನ ಲಾಳಿ ಅಂಚಿನಲ್ಲೇ ಓಡಿತು.

ಊರಿಗೆ ಹಿಂದಿರುಗಿದ ಮೇಲೆ ರಹೀಮರ ದೇಹ ಚೇತರಿಸಿಕೊಳ್ಳಲಿಲ್ಲ. 1963ರ ಜೂನ್ 11ರಂದು ತೀರಿಕೊಂಡರು. ಇನ್ನೂ ಐವತ್ತನಾಲ್ಕು ತುಂಬಿರಲಿಲ್ಲ. ಅದೇ ವರ್ಷ ಬಲರಾಮರು ಅನಾರೋಗ್ಯದಿಂದ ಆಟ ನಿಲ್ಲಿಸಬೇಕಾಯಿತು. ಮರುವರ್ಷ ಚುನಿಯೂ ರಾಷ್ಟ್ರದ ತಂಡವನ್ನು ಬಿಟ್ಟರು. 1962ರ ಬಳಿಕ ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಾಟದಲ್ಲಿ ಭಾರತದ ಪುರುಷರಿಗೆ ಚಿನ್ನ ದೊರೆತಿಲ್ಲ. ರೋಮಿನ ಬಳಿಕ ಒಲಿಂಪಿಕ್ಸ್‌ಗೆ ಅವರ ತಂಡ ಹೋಗಿಯೂ ಇಲ್ಲ. ಬ್ಯಾನರ್ಜಿ, ಬಲರಾಮ್, ಚುನಿ, ಜರ್ನೈಲ್ ನಾಲ್ವರೂ 1961ರಿಂದ 1964ರೊಳಗೆ ವರ್ಷಕ್ಕೊಬ್ಬರಂತೆ ಅರ್ಜುನ ಪ್ರಶಸ್ತಿ ಪಡೆದರು. ಗುರುಗಳಿಗಾಗಿ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದುದು 1985ರಲ್ಲಿ.

ರೋಮಿನಲ್ಲಿ ಹೊರಗೆ ಕುಳಿತ ಮಗ ಹಕೀಮರು ಮುಂದೆ ಅಂತಾರಾಷ್ಟ್ರೀಯ ರೆಫರಿಯಾದರು, ತಂಡಗಳಿಗೆ ಶಿಕ್ಷಕರೂ ಆದರು. 2017ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಸಂದಿತು. 2021ರ ಆಗಸ್ಟಿನಲ್ಲಿ, ನಮ್ಮ ಕಲಬುರ್ಗಿಯ ಆಸ್ಪತ್ರೆಯೊಂದರಲ್ಲಿ, ಅವರು ತೀರಿಕೊಂಡರು.