ಊಟಕ್ಕೆ ಬಾರದವರು ಉಗಿಸ್ನಾನಕ್ಕೆ ಬಂದರು: ಶೇಖ್ ದೀನ್ ಮುಹಮ್ಮದ್

1813ರ ಎಪ್ರಿಲ್‌ನಲ್ಲಿ ಲಂಡನಿನ ಟೈಮ್ಸ್ ಪತ್ರಿಕೆಯಲ್ಲಿ ಒಂದು ಸಣ್ಣ ಜಾಹೀರಾತು ಬಂತು. ಹಿಂದೂಸ್ತಾನ್ ಕಾಫಿ ಹೌಸ್ ನಡೆಸುತ್ತಿದ್ದ ಮುಹಮ್ಮದ್ ಎಂಬವರಿಗೆ ಕೆಲಸ ಬೇಕಾಗಿದೆ, ಸಾಹುಕಾರರ ಮನೆಯಲ್ಲಿ ಬಟ್ಲರ್ ಆಗಿಯಾದರೂ ಸರಿ, ಒಂಟಿಯಾಗಿರುವ ಸಾಹೇಬರೊಬ್ಬರ ಖಾಸಗಿ ಆಳಾಗಿಯಾದರೂ ಸರಿ, ಪೇಟೆಯಿಂದ ಸಾಮಾನು ತರುವುದೂ ಅಡುಗೆಮನೆ ನೋಡಿಕೊಳ್ಳುವುದೂ ಚೆನ್ನಾಗಿ ಗೊತ್ತುಂಟು ಎಂಬುದು ಅದರ ಸಾರ. ಜಾಹೀರಾತು ಕೊಟ್ಟವರ ಪ್ರಾಯ ಐವತ್ತು ದಾಟಿತ್ತು. ಮನೆಯಲ್ಲಿ ಹೆಂಡತಿ ಮಕ್ಕಳು ಇದ್ದರು. ಸ್ವಂತ ಹೋಟೆಲಿನ ಧಣಿಯಾಗಿದ್ದವರು ಇನ್ನೊಬ್ಬರ ಮನೆಯ ಚಾಕರಿಗೆ ನಿಲ್ಲಬೇಕಾಗಿ ಬಂದಿತ್ತು. ಹೋಟೆಲ್ ಇಟ್ಟು ಕೈಸುಟ್ಟುಕೊಂಡವರಿಗೆ ಆ ನಾಲ್ಕು ಸಾಲಿನ ಹಿಂದಿನ ಸಂಕಟ ಬೇರೆ ವಿವರಿಸಬೇಕಾಗಿಲ್ಲ.

ಇದೇ ಮನುಷ್ಯ ಹತ್ತು ವರ್ಷದೊಳಗೆ ಇಂಗ್ಲೆಂಡಿನ ರಾಜನಿಗೇ ಮಾಲಿಶ್ ಮಾಡುವ ಅಧಿಕೃತ ಹುದ್ದೆಗೆ ಏರಿದರು. ಅದು ಹೇಗಾಯಿತು ಅಂತ ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ದೀನ್ ಮುಹಮ್ಮದ್ ಹುಟ್ಟಿದ್ದು 1759ರಲ್ಲಿ, ಪಾಟ್ನಾದಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳ ಸೈನ್ಯದಲ್ಲಿ ಸುಬೇದಾರರಾಗಿದ್ದರು. ಕಂದಾಯ ವಸೂಲಿಯ ಒಂದು ಕಾದಾಟದಲ್ಲಿ ಅವರು ತೀರಿಹೋದಾಗ ಹುಡುಗನಿಗೆ ಹತ್ತು ಹನ್ನೊಂದು ಪ್ರಾಯ. ಅದೇ ಪ್ರಾಯದಲ್ಲಿ ಗಾಡ್‌ಫ್ರೀ ಬೇಕರ್ ಎಂಬ ಐರ್ಲೆಂಡಿನ ಯುವ ಅಧಿಕಾರಿಯ ಹಿಂದೆ ಸೈನ್ಯದ ಬಿಡಾರಕ್ಕೆ ಸೇರಿದ. ಮುಂದೆ ಜಮಾದಾರನಾದ, ಸುಬೇದಾರನಾದ. 1782ರಲ್ಲಿ ಸೈನ್ಯ ಬಿಟ್ಟು ಬೇಕರ್ ಜತೆ ಹಡಗು ಹತ್ತಿ, 1784ರಲ್ಲಿ ಇಂಗ್ಲೆಂಡ್ ಮುಟ್ಟಿ, ಅಲ್ಲಿಂದ ಐರ್ಲೆಂಡಿನ ಕಾರ್ಕ್ ಪಟ್ಟಣಕ್ಕೆ ಬಂದರು. ಮೀಸೆ ಬಂದ ಪ್ರಾಯದಲ್ಲಿ ಅಲ್ಲಿ ಶಾಲೆಗೆ ಹೋಗಿ ಇಂಗ್ಲಿಷ್ ಕಲಿತರು. ಜೇನ್ ಡೇಲಿ ಎಂಬ ಹುಡುಗಿಯನ್ನು ಮೆಚ್ಚಿ, 1786ರಲ್ಲಿ ಇಬ್ಬರೂ ಓಡಿಹೋಗಿ ಮದುವೆಯಾದರು. ಆ ಮದುವೆಗಾಗಿ ಅವರು ಅಲ್ಲಿನ ಚರ್ಚಿಗೆ ಸೇರಿದರು ಎಂಬುದನ್ನು ಮುಚ್ಚಿಡುವ ಅಗತ್ಯ ಇಲ್ಲ. ಅದರ ಲೆಕ್ಕ ಅಲ್ಲಾಹನ ಹತ್ತಿರ ಉಂಟು. ನಾನಿಲ್ಲಿ ಹೇಳಹೊರಟದ್ದು ಅವರ ವ್ಯಾಪಾರದ ಸಂಗತಿ.

ಗಿರಾಕಿಯನ್ನು ಹುಡುಕುವ ವಿದ್ಯೆ ಅವರಿಗೆ ಕಾರ್ಕ್‌ನಲ್ಲೇ ಕೈಗೆ ಹತ್ತಿತ್ತು. ತನ್ನ ಹಿಂದೂಸ್ತಾನದ ದಿನಗಳ ಬಗ್ಗೆ ಒಂದು ಪುಸ್ತಕ ಬರೆಯಬೇಕು ಅಂತ ಮನಸ್ಸಿಗೆ ಬಂತು. ಅಚ್ಚು ಹಾಕಿಸಲು ದುಡ್ಡು ಬೇಕಲ್ವಾ? 1793ರಲ್ಲಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಪುಸ್ತಕ ಬರುವ ಮೊದಲೇ ಮುಂಗಡ ಕೊಡುವವರನ್ನು ಕರೆದರು. 320 ಜನ ತಲಾ ಎರಡೂವರೆ ಶಿಲ್ಲಿಂಗ್ ಮುಂಗಡ ಕೊಟ್ಟರು. ಬಣ್ಣ ಬೇರೆ, ಊರು ಬೇರೆ, ಹೆಸರು ಬೇರೆ ಇದ್ದ ಒಬ್ಬ ಪರದೇಶಿಗೆ ಅಷ್ಟು ಜನ ಕಣ್ಣಿಗೆ ಕಾಣದ ಪುಸ್ತಕಕ್ಕೆ ದುಡ್ಡು ಕೊಟ್ಟದ್ದು ಸಣ್ಣ ಮಾತಲ್ಲ. 1794ರಲ್ಲಿ ಎರಡು ಸಂಪುಟಗಳಲ್ಲಿ ಪುಸ್ತಕ ಬಂತು. ಭಾರತದವರೊಬ್ಬರು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕ ಅದು. ಮೊದಲು ಗಿರಾಕಿ, ಆಮೇಲೆ ಸರಕು. ಲಂಡನಿನಲ್ಲಿ ಹೋಟೆಲ್ ಇಡುವಾಗ ಈ ಕ್ರಮ ಅವರಿಗೆ ಮರೆತುಹೋಯಿತೋ ಏನೋ!

ಸುಮಾರು 1807ರಲ್ಲಿ ಸಂಸಾರ ಸಮೇತ ಲಂಡನಿಗೆ ಬಂದರು. ಅಲ್ಲಿ ಬೇಸಿಲ್ ಕಾಕ್ರೇನ್ ಎಂಬ ದೊಡ್ಡ ಶ್ರೀಮಂತ ಇದ್ದ. ಕಂಪೆನಿಯ ಕಾಲದಲ್ಲಿ ಭಾರತದಲ್ಲಿ ದುಡ್ಡು ಮಾಡಿ ಮರಳಿದವನು. ಇಂಥವರನ್ನು ಅಲ್ಲಿನ ಜನ ನವಾಬರು ಎಂದೇ ಗೇಲಿ ಮಾಡುತ್ತಿದ್ದರು. ಪೋರ್ಟ್‌ಮನ್ ಸ್ಕ್ವೇರ್‌ನ ತನ್ನ ಬಂಗಲೆಯಲ್ಲಿ ಈತ ಉಗಿಸ್ನಾನದ ಕೋಣೆ ಮಾಡಿಸಿದ್ದ. ಅಲ್ಲಿ ದೀನ್ ಮುಹಮ್ಮದ್ ಕೆಲಸಕ್ಕೆ ಸೇರಿ, ನಮ್ಮ ಕಡೆಯ ಚಂಪಿಯನ್ನು, ಅಂದ್ರೆ ಮೈ ಒತ್ತಿ ನೀವುವ ಮಾಲಿಶನ್ನು, ಉಗಿಸ್ನಾನದ ಜತೆ ಸೇರಿಸಿದರು. ಆ ಕೆಲಸವನ್ನು ಅವರು ಆಗ ದೊಡ್ಡದು ಅಂತ ಎಣಿಸಿದ ಹಾಗೆ ಕಾಣುವುದಿಲ್ಲ. ಮನಸ್ಸು ಹೋಟೆಲಿನ ಮೇಲೆ ಇತ್ತು.

1810ರಲ್ಲಿ ಪೋರ್ಟ್‌ಮನ್ ಸ್ಕ್ವೇರ್ ಪಕ್ಕದ ಜಾರ್ಜ್ ಸ್ಟ್ರೀಟಿನ 34ನೇ ನಂಬ್ರದ ಮನೆಯಲ್ಲಿ ಹಿಂದೂಸ್ತಾನ್ ಕಾಫಿ ಹೌಸ್ ತೆರೆಯಿತು. ಭಾರತದವರೊಬ್ಬರು ಲಂಡನಿನಲ್ಲಿ ನಡೆಸಿದ ಮೊದಲ ಭಾರತೀಯ ಊಟದ ಹೋಟೆಲು ಅದು. ಬೆತ್ತ ಬಿದಿರಿನ ಕುರ್ಚಿ ಸೋಫಾಗಳು, ಗೋಡೆಯಲ್ಲಿ ಹಿಂದೂಸ್ತಾನದ ಚಿತ್ರಗಳು, ಹುಕ್ಕಾ ಸೇದಲು ಬೇರೆಯೇ ಕೋಣೆ. ಮಸಾಲೆ ಹಾಕಿದ ಸಾರು, ಅನ್ನ. 1811ರ ಮಾರ್ಚ್‌ನಲ್ಲಿ ಟೈಮ್ಸ್‌ನಲ್ಲಿ ಜಾಹೀರಾತು ಕೂಡ ಕೊಟ್ಟರು. ಊಟ ಚೆನ್ನಾಗಿತ್ತು ಎಂದೇ ಬಲ್ಲವರು ಹೇಳುತ್ತಾರೆ. ಆದರೆ ಜನ ಬರಲಿಲ್ಲ.

ಎಂತಕ್ಕೆ ಬರಲಿಲ್ಲ? ಲೆಕ್ಕ ನೋಡಿದರೆ ತಪ್ಪು ಅಡುಗೆಮನೆಯಲ್ಲಿ ಇರಲಿಲ್ಲ. ಭಾರತದ ಊಟದ ರುಚಿ ಗೊತ್ತಿರುವವರು ಅಂದ್ರೆ ಆ ನವಾಬರೇ, ಅವರ ಬಂಗಲೆಗಳು ಇರುವುದು ಇದೇ ಬೀದಿಗಳಲ್ಲಿ, ಹಾಗಾದರೆ ಅಂಗಡಿ ಇಲ್ಲೇ ಇಡಬೇಕು ಎಂಬುದು ದೀನ್ ಮುಹಮ್ಮದರ ಲೆಕ್ಕ. ಕೇಳಲಿಕ್ಕೆ ಸರಿಯಾಗಿಯೇ ಉಂಟು. ಆದರೆ ಆ ನವಾಬರು ಬರುವಾಗಲೇ ಹಿಂದೂಸ್ತಾನದ ಅಡುಗೆಯವರನ್ನು ಕರಕೊಂಡು ಬಂದಿದ್ದರು. ಮನೆಯಲ್ಲೇ ಪುಲಾವ್ ಬೇಯುವಾಗ ಹೋಟೆಲಿಗೆ ಯಾಕೆ ಹೋಗಬೇಕು? ಇನ್ನು ಹಳೆಯ ಸ್ನೇಹಿತರ ಜತೆ ಕೂತು ಕಂಪೆನಿಯ ಸುದ್ದಿ ಮಾತಾಡಬೇಕೆಂದು ಅನಿಸಿದರೆ, ವ್ಯಾಪಾರದ ಕಚೇರಿಗಳು ಇರುವ ಪೇಟೆಯಲ್ಲಿ ಜೆರುಸಲೇಂ ಕಾಫಿ ಹೌಸ್‌ನಂಥ ಹಳೆಯ ಠಿಕಾಣಿಗಳು ಇದ್ದವು. ಭಾರತದ ರುಚಿ ಗೊತ್ತಿಲ್ಲದ ಸಾಮಾನ್ಯ ಲಂಡನಿನವರಿಗೆ ಆ ಬೀದಿ ದೂರ, ಆ ಊಟ ಇನ್ನೂ ದೂರ.

ನಮ್ಮ ಜಿಲ್ಲೆಯವರು ಬೊಂಬಾಯಿಯಲ್ಲಿ, ಆಮೇಲೆ ಗಲ್ಫಿನಲ್ಲಿ ಹೋಟೆಲ್ ಇಟ್ಟದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಊಟಕ್ಕೆ ಬಂದವರು ರೂಮಿನಲ್ಲಿ ಒಂಟಿಯಾಗಿದ್ದ, ಅಡುಗೆ ಮಾಡಿಕೊಡಲು ಯಾರೂ ಇಲ್ಲದ ದುಡಿಯುವ ಜನ. ಊರಿನ ಮೀನುಸಾರು ಸಿಗುತ್ತದೆ ಅಂದ್ರೆ ಎರಡು ಬಸ್ ಬದಲಿಸಿಯಾದರೂ ಬರುತ್ತಿದ್ದರು. ದೀನ್ ಮುಹಮ್ಮದರ ಗಿರಾಕಿ ಪಕ್ಕದ ಮನೆಯಲ್ಲೇ ಇದ್ದ, ಆದರೆ ಅವನಿಗೆ ಹಸಿವಿರಲಿಲ್ಲ.

1812ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಬೇರೆಯವರ ಕೈಗೆ ಹೋದ ಹೋಟೆಲು ಅದೇ ಹೆಸರಿನಲ್ಲಿ 1833ರವರೆಗೂ ನಡೆಯಿತಂತೆ. ಇದು ಎಷ್ಟು ಉರಿದಿರಬೇಕು! ನಿಂತು ಕಾಯಲು ಬೇಕಾದ ಬಂಡವಾಳ ಇದ್ದವನಿಗೆ ಅದೇ ಅಂಗಡಿ ಅನ್ನ ಕೊಟ್ಟಿತು, ಕಟ್ಟಿದವನಿಗೆ ಕೊಡಲಿಲ್ಲ. ಮೊದಲಿಗೆ ಹೇಳಿದ ಕೆಲಸದ ಜಾಹೀರಾತು ಬಂದದ್ದು ಇದರ ಮರುವರ್ಷ.

1814ರಲ್ಲಿ ಗಂಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದಕ್ಷಿಣದ ಕಡಲತೀರದ ಬ್ರೈಟನ್‌ಗೆ ಹೋದರು. ಸಮುದ್ರದ ನೀರಿನಲ್ಲಿ ಮಿಂದರೆ ಕಾಯಿಲೆ ಗುಣವಾಗುತ್ತದೆ ಎಂದು ಆ ಕಾಲದ ವೈದ್ಯರು ಹೇಳುತ್ತಿದ್ದರು. ಯುವರಾಜ ಅಲ್ಲಿ ಅರಮನೆ ಕಟ್ಟಿಸಿಕೊಂಡಿದ್ದ. ಹಾಗಾಗಿ ಸಂಧಿವಾತ, ದಮ್ಮು, ಸೊಂಟನೋವು ಇದ್ದ ದುಡ್ಡಿನ ಜನ ಊರೂರಿಂದ ಅಲ್ಲಿಗೆ ಬರುತ್ತಿದ್ದರು. ಲಂಡನಿನಲ್ಲಿ ಇಲ್ಲದಿದ್ದದ್ದು ಇಲ್ಲಿ ಇತ್ತು: ಬೇನೆ ಇದ್ದ ಮನುಷ್ಯ, ಅವನ ಕೈಯಲ್ಲಿ ಪುರುಸೊತ್ತು, ಕಿಸೆಯಲ್ಲಿ ಕಾಸು.

ದಂಪತಿ ಡೆವನ್‌ಶೈರ್ ಪ್ಲೇಸ್‌ನ ಒಂದು ಸಣ್ಣ ಸ್ನಾನಗೃಹದಲ್ಲಿ ಶುರುಮಾಡಿದರು. ಜತೆಗೆ ಹಲ್ಲುಪುಡಿ, ಕೂದಲಿಗೆ ಹಚ್ಚುವ ಬಣ್ಣ ಕೂಡ ಮಾರಿದರು. ಮುಖ್ಯ ಕೆಲಸ ಮಾತ್ರ ಉಗಿಸ್ನಾನ ಮತ್ತು ಮಾಲಿಶ್. ಹಿಂದೂಸ್ತಾನದಿಂದ ತರಿಸಿದ ಗಿಡಮೂಲಿಕೆ ಹಾಕಿ ಕುದಿಸಿದ ನೀರಿನ ಹಬೆಯಲ್ಲಿ ರೋಗಿಯನ್ನು ಕೂರಿಸುವುದು. ಮೈಯೆಲ್ಲ ಬೆವರಿದ ಮೇಲೆ ಫ್ಲಾನೆಲ್ ಬಟ್ಟೆಯ ಒಂದು ಡೇರೆಯೊಳಗೆ ತರುವುದು. ಆ ಡೇರೆಗೆ ಅಂಗಿಯ ಹಾಗೆ ತೋಳುಗಳು. ಮಾಲಿಶ್ ಮಾಡುವವನು ಹೊರಗೆ ನಿಂತು, ಆ ತೋಳುಗಳೊಳಗೆ ಕೈ ತೂರಿಸಿ ಒಳಗಿದ್ದವರ ಮೈ ನೀವಬೇಕು. ರೋಗಿಯ ಮಾನವೂ ಉಳಿಯಿತು, ಹಬೆಯ ಬಿಸಿಯೂ ಉಳಿಯಿತು. ಚಂದದ ಉಪಾಯ.

ಆದರೂ ಮೊದಮೊದಲು ಯಾರೂ ಹತ್ತಿರ ಬರಲಿಲ್ಲ. ಕಪ್ಪು ಮನುಷ್ಯ ಬಿಳಿಯರ ಮೈ ಮುಟ್ಟಿ ಹಿಸುಕುವುದೇ ಅಂತ ನಗಾಡಿದವರು ಇದ್ದರು, ಮೋಸ ಅಂದವರೂ ಇದ್ದರು. ಈ ಸಲ ದೀನ್ ಮುಹಮ್ಮದ್ ಕುರ್ಚಿ ಹಾಕಿ ಗಿರಾಕಿಯ ದಾರಿ ಕಾಯುತ್ತಾ ಕೂರಲಿಲ್ಲ. ವೈದ್ಯರು ಕೈಬಿಟ್ಟ ಕೆಲವು ರೋಗಿಗಳಿಗೆ ಧರ್ಮಕ್ಕೆ ಮಾಲಿಶ್ ಮಾಡಿದರು. ಗುಣ ಕಂಡರೆ ನಾಲ್ಕು ಜನರಿಗೆ ಹೇಳಿದರೆ ಸಾಕು ಅಂದರು. ಕೆಲವರಿಗೆ ಗುಣ ಕಂಡಿತು. ಊರುಗೋಲು ಹಿಡಿದು ಬಂದು, ಹೋಗುವಾಗ ಅದನ್ನು ಅಲ್ಲೇ ಬಿಟ್ಟು ನಡೆದು ಹೋದವರು ಇದ್ದರು. ಅವನ್ನು ಇವರು ಮೂಲೆಗೆ ಎಸೆಯಲಿಲ್ಲ. ಬಾಗಿಲ ಬಳಿಯ ಹಜಾರದಲ್ಲೇ ತೂಗುಹಾಕಿದರು. ಕುಂಟುತ್ತಾ ಒಳಗೆ ಬರುವವನಿಗೆ ಮೊದಲು ಕಾಣುವುದು ಅದು! ಯಾವ ಬೋರ್ಡೂ ಹೇಳಲಾಗದ ಮಾತನ್ನು ಆ ಹಳೆಯ ಮರದ ಕೋಲುಗಳು ಹೇಳುತ್ತಿದ್ದವು.

ಬಂದವರು ಅಭಿಪ್ರಾಯ ಬರೆಯಲು ಪುಸ್ತಕ ಇಟ್ಟರು, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಗುಣವಾದವರು ಬರೆದ ಕಾಗದಗಳನ್ನು ಸೇರಿಸಿ 1820ರಲ್ಲಿ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದರು. 1822ರಲ್ಲಿ ಇನ್ನೊಂದು ದೊಡ್ಡ ಪುಸ್ತಕ ಬಂತು. ಅದು 1826ರಲ್ಲಿ, 1838ರಲ್ಲಿ ಮತ್ತೆ ಅಚ್ಚಾಯಿತು. ಹೊಗಳಿ ಪದ್ಯ ಕಟ್ಟಿದ ಗಿರಾಕಿಗಳೂ ಇದ್ದರು, ಅದನ್ನೂ ಬಿಡದೆ ಪುಸ್ತಕಕ್ಕೆ ಸೇರಿಸಿದರು.

ಜೇನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಹೆಂಗಸರ ಸ್ನಾನದ ಕಡೆಯನ್ನು ಪೂರ್ತಿ ನೋಡಿಕೊಂಡದ್ದು ಅವರು. ಪರಗಂಡಸಿನ ಕೈಗೆ ಮೈ ಒಪ್ಪಿಸಲು ಯಾವ ಮನೆತನದ ಹೆಣ್ಣೂ ಒಪ್ಪುತ್ತಿರಲಿಲ್ಲ. ಜೇನ್ ಇದ್ದುದರಿಂದ ಮನೆಯೊಡತಿಯರು, ಪ್ರಾಯದ ಅಜ್ಜಿಯರು ನಿಶ್ಚಿಂತೆಯಿಂದ ಬಂದರು. ಗಿರಾಕಿಗಳಲ್ಲಿ ಒಂದು ಪಾಲು ಈ ತಾಯಿಯ ಕಾರಣದಿಂದ ಬಂದದ್ದು ಅಂತ ನನ್ನ ಎಣಿಕೆ. ದೀನ್ ಮುಹಮ್ಮದರ ಚಿತ್ರ ಮ್ಯೂಸಿಯಂನಲ್ಲಿ ಉಂಟು, ಇವರ ಹೆಸರು ಎತ್ತುವವರು ಕಡಿಮೆ.

1821ರ ಹೊತ್ತಿಗೆ ಕಿಂಗ್ಸ್ ರೋಡಿನಲ್ಲಿ ಕಡಲಿಗೆ ಮುಖಮಾಡಿ ಮುಹಮ್ಮದ್ಸ್ ಬಾತ್ಸ್ ಎಂಬ ದೊಡ್ಡ ಕಟ್ಟಡ ಎದ್ದಿತ್ತು. ನಾಲ್ಕನೇ ಜಾರ್ಜ್ ರಾಜ, ಅವರ ನಂತರ ನಾಲ್ಕನೇ ವಿಲಿಯಂ, ಇಬ್ಬರೂ ಇವರನ್ನು ಶ್ಯಾಂಪೂಯಿಂಗ್ ಸರ್ಜನ್ ಎಂದು ನೇಮಿಸಿದರು. ಚಂಪಿ ಎಂಬ ನಮ್ಮ ಕಡೆಯ ಮಾತೇ ಅಲ್ಲಿ ಶ್ಯಾಂಪೂ ಆದದ್ದು. ಆಗ ಅದರ ಅರ್ಥ ಮಾಲಿಶ್ ಮಾತ್ರ. ತಲೆ ತೊಳೆಯುವ ಅರ್ಥ ಆಮೇಲೆ ಬಂತು. ಈಗ ಅಂಗಡಿಗಳಲ್ಲಿ ಮಾಲೆಯ ಹಾಗೆ ನೇತಾಡುವ ಪ್ಯಾಕೇಟಿನ ಮೇಲಿನ ಹೆಸರು ಅದೇ.

ಒಂದು ವಿಷಯ ನನಗೆ ಒಪ್ಪಿಗೆಯಾಗುವುದಿಲ್ಲ. ವೈದ್ಯ ಎಂದು ಜನ ನಂಬಲಿ ಅಂತ ದೀನ್ ಮುಹಮ್ಮದ್ ತನ್ನ ಹುಟ್ಟಿದ ಇಸವಿಯನ್ನು ಹತ್ತು ವರ್ಷ ಹಿಂದಕ್ಕೆ ಸರಿಸಿ 1749 ಎಂದು ಬರೆದುಕೊಂಡರು. ಆ ಹತ್ತು ವರ್ಷದಲ್ಲಿ ಕಲ್ಕತ್ತಾದ ಆಸ್ಪತ್ರೆಯಲ್ಲಿ ವೈದ್ಯವಿದ್ಯೆ ಕಲಿತೆ ಎಂಬ ಕಥೆ ಸೇರಿಸಿದರು. ಅವರೇ ಬರೆದ 1794ರ ಪುಸ್ತಕದಲ್ಲಿ ಅಂಥ ಯಾವ ಸುದ್ದಿಯೂ ಇಲ್ಲ. ಇಂಗ್ಲೆಂಡಿನ ಡಾಕ್ಟರುಗಳು ಇವರನ್ನು ಹತ್ತಿರ ಸೇರಿಸುತ್ತಿರಲಿಲ್ಲ, ಸರ್ಟಿಫಿಕೇಟ್ ಇಲ್ಲದವನ ಕಷ್ಟ ಅದು ಅಂತ ಕೆಲವರು ಸಮರ್ಥಿಸುತ್ತಾರೆ. ಇರಬಹುದು. ಆದರೆ ಮಾಲಿನ ದೋಷವನ್ನು ಮುಚ್ಚಿ ಮಾರುವುದು ಹರಾಮ್ ಅಂತ ಮಕ್ಕಳಿಗೆ ಪಾಠ ಮಾಡುವ ನನಗೆ ಇದನ್ನು ಜಾಣತನ ಅಂತ ಬರೆಯಲು ಕೈ ಬರುವುದಿಲ್ಲ. ಹಜಾರದಲ್ಲಿ ಅಷ್ಟು ಊರುಗೋಲು ತೂಗುವಾಗ ಈ ಸುಳ್ಳಿನ ಅಗತ್ಯ ಏನಿತ್ತು?

ಒಳ್ಳೆಯ ದಿನಗಳು ಸುಮಾರು ಇಪ್ಪತ್ತು ವರ್ಷ ಇದ್ದವು. ಲಂಡನಿನಲ್ಲಿ ಒಂದು ಶಾಖೆ ಕೂಡ ತೆರೆದು ಅದನ್ನು ಮಗ ನೋಡಿಕೊಂಡರು. ಆದರೆ ಅದೇ ಊರಿನಲ್ಲಿ ಉಗಿಸ್ನಾನದ ಬೇರೆ ಮನೆಗಳೂ ಎದ್ದವು. ಗೆದ್ದ ವ್ಯಾಪಾರವನ್ನು ನಕಲು ಮಾಡುವುದು ಎಲ್ಲ ಊರಿನಲ್ಲೂ ಉಂಟು. ಜತೆಗೆ ಇನ್ನೊಂದು ಸಂಗತಿ. ಕಟ್ಟಡದ ಮೇಲೆ ಹೆಸರು ಇವರದ್ದೇ ಇದ್ದರೂ ಹಣ ಹಾಕಿದ್ದು ಹಿಂದಿನಿಂದ ನಿಂತಿದ್ದ ಒಬ್ಬ ಪಾಲುದಾರ. ಆತ ತೀರಿಹೋದ ಮೇಲೆ 1840ರ ದಶಕದ ಆರಂಭದಲ್ಲಿ ಕಟ್ಟಡ ಹರಾಜಿಗೆ ಬಂತು. ಎಂಬತ್ತು ದಾಟಿದ್ದ ದೀನ್ ಮುಹಮ್ಮದರಿಗೆ ಅದನ್ನು ಕೊಳ್ಳುವಷ್ಟು ಹಣ ಹೊಂದಿಸಲು ಆಗಲಿಲ್ಲ. ತನ್ನ ಹೆಸರಿನ ಹಮಾಮಿನಿಂದ ಇಳಿದು, ಬ್ಲ್ಯಾಕ್ ಲಯನ್ ಸ್ಟ್ರೀಟಿನ ಒಂದು ಸಣ್ಣ ಮನೆಯಲ್ಲಿ ಕೆಲಸ ಮುಂದುವರಿಸಿದರು. ಆ ಪ್ರಾಯದಲ್ಲೂ ಹಳೆಯ ಗಿರಾಕಿಗಳು ಅವರನ್ನು ಹುಡುಕಿಕೊಂಡು ಬರುತ್ತಿದ್ದರಂತೆ.

1850ರ ಡಿಸೆಂಬರಿನಲ್ಲಿ ಜೇನ್ ತೀರಿಕೊಂಡರು. ಎರಡು ತಿಂಗಳು ಕಳೆದು, 1851ರ ಫೆಬ್ರವರಿ 24ರಂದು ದೀನ್ ಮುಹಮ್ಮದ್ ಕೂಡ ಹೋದರು. ಬ್ರೈಟನ್‌ನ ಸಂತ ನಿಕೋಲಸ್ ಚರ್ಚಿನ ಸ್ಮಶಾನದಲ್ಲಿ ಸಮಾಧಿ ಉಂಟು. ಮೊಮ್ಮಗ ಫ್ರೆಡ್ರಿಕ್ ಅಕ್ಬರ್ ಮುಹಮ್ಮದ್ ಲಂಡನಿನ ಗೈಸ್ ಆಸ್ಪತ್ರೆಯಲ್ಲಿ ನಿಜವಾದ ಡಾಕ್ಟರೇ ಆದರು. ರಕ್ತದೊತ್ತಡದ ಬಗ್ಗೆ ಅವರು ಮಾಡಿದ ಸಂಶೋಧನೆಯನ್ನು ವೈದ್ಯರು ಇಂದಿಗೂ ನೆನೆಯುತ್ತಾರೆ.

2005ರಲ್ಲಿ ಲಂಡನಿನ ಜಾರ್ಜ್ ಸ್ಟ್ರೀಟಿನಲ್ಲಿ ಹಿಂದೂಸ್ತಾನ್ ಕಾಫಿ ಹೌಸ್ ನೆನಪಿಗೆ ಗೋಡೆಗೆ ಫಲಕ ಹಾಕಿದರು. ದಿವಾಳಿಯಾದ ಹೋಟೆಲಿಗೆ ಫಲಕ ಸಿಕ್ಕಿತು. ಬ್ರೈಟನ್‌ನಲ್ಲಿ ಊರುಗೋಲುಗಳನ್ನು ತೂಗುಹಾಕಿದ್ದ ಹಮಾಮ್ ಈಗ ಇಲ್ಲ. ಅದು ಇದ್ದ ಜಾಗದಲ್ಲಿ ಕ್ವೀನ್ಸ್ ಹೋಟೆಲ್ ನಡೆಯುತ್ತಾ ಉಂಟು.